ಮೈಲೇಜ್ ಇಳಿದರೆ ಎಲ್ಲಿಂದ ಹುಡುಕಬೇಕು: ಸಣ್ಣ ಪೆಟ್ರೋಲ್ ಕಾರಿನ ದೋಷ ನಿವಾರಣೆ ಕೈಪಿಡಿ

ಲೀಟರಿಗೆ 18 ಕೊಡುತ್ತಿದ್ದ ಕಾರು 14ಕ್ಕೆ ಇಳಿದ ಕೂಡಲೇ ಎಲ್ಲರ ಕೈ ಹೋಗುವುದು ಬಾನೆಟ್ಟಿಗೆ. ಏರ್ ಫಿಲ್ಟರ್ ಬದಲಾಗುತ್ತದೆ, ಪ್ಲಗ್ ಬದಲಾಗುತ್ತದೆ, ಯಾರೋ ಹೇಳಿದ ಇಂಜೆಕ್ಟರ್ ಕ್ಲೀನರ್ ಟ್ಯಾಂಕಿಗೆ ಬೀಳುತ್ತದೆ. ಮೈಲೇಜ್ ಮಾತ್ರ ಇದ್ದಲ್ಲೇ ಇರುತ್ತದೆ. ಇಂಜೆಕ್ಷನ್ ಕಾರಿನಲ್ಲಿ ಎಷ್ಟು ಪೆಟ್ರೋಲ್ ಬಿಡಬೇಕೆಂದು ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಕ್ಷಣಕ್ಷಣಕ್ಕೂ ತೀರ್ಮಾನಿಸುತ್ತಿರುತ್ತದೆ. ಹಾಗಾಗಿ ದೋಷ ಇಂಜಿನ್ನಿನಲ್ಲೇ ಇದ್ದರೆ ಅದು ಸಾಮಾನ್ಯವಾಗಿ ಸುಮ್ಮನಿರುವುದಿಲ್ಲ. ಲೈಟ್ ಹತ್ತುತ್ತದೆ, ವಾಸನೆ ಬರುತ್ತದೆ, ಗಾಡಿ ಜರ್ಕ್ ಹೊಡೆಯುತ್ತದೆ. ಗಾಳಿ ಇಳಿದ ಟೈರು, ಹಿಡಿದುಕೊಂಡ ಬ್ರೇಕು ಹೆಚ್ಚಿನ ಸಣ್ಣ ಕಾರುಗಳಲ್ಲಿ ಯಾವ ಲೈಟನ್ನೂ ಹತ್ತಿಸದೆ ಪೆಟ್ರೋಲ್ ತಿನ್ನುತ್ತವೆ. ಅದಕ್ಕೇ ಇಲ್ಲಿ ಮೊದಲು ಲೆಕ್ಕ, ಆಮೇಲೆ ಚಕ್ರ, ಕೊನೆಗೆ ಇಂಜಿನ್.

ಇದು 800ರಿಂದ 1200 ಸಿಸಿಯ ಇಂಜೆಕ್ಷನ್ ಪೆಟ್ರೋಲ್ ಕಾರುಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಡೀಸೆಲ್ ಗಾಡಿಗೆ ಚಕ್ರ, ಬ್ರೇಕ್, ಕ್ಲಚ್‌ನ ಭಾಗ ಹೊಂದುತ್ತದೆ, ಇಂಜಿನ್ನಿನ ಭಾಗ ಹೊಂದುವುದಿಲ್ಲ. ಕೈಯಲ್ಲಿರಬೇಕಾದ್ದು ಒಂದು ಟೈರ್ ಪ್ರೆಷರ್ ಗೇಜ್, ಒಂದು ಪುಸ್ತಕ, ಒಂದು ಪೆನ್ನು. ಮುಂದಿನ ಹಂತಕ್ಕೆ ಹೋದರೆ ಇಸಿಯು ಹೇಳುವುದನ್ನು ಫೋನಿನಲ್ಲಿ ಓದಲು ಜೋಡಿಸುವ ಒಬಿಡಿ ಡಾಂಗಲ್.

ಬೇರೇನೂ ತೊಂದರೆ ಇಲ್ಲ, ಮೈಲೇಜ್ ಮಾತ್ರ ಬಿದ್ದಿದೆ ಅನ್ನಿಸುತ್ತಿದೆ

“ಅನ್ನಿಸುತ್ತಿದೆ” ಎಂಬುದನ್ನು ಮೊದಲು ಅಂಕಿಗೆ ತನ್ನಿ. ಬಂಕಿನಲ್ಲಿ ನಳಿಕೆ ತಾನಾಗಿ ಕಟ್ ಆಗುವವರೆಗೆ ಪೆಟ್ರೋಲ್ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಕನಿಷ್ಠ 300 ಕಿಲೋಮೀಟರ್ ಓಡಿಸಿ, ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ಮೊದಲ ಕಟ್‌ವರೆಗೆ ತುಂಬಿಸಿ. ಓಡಿದ ದೂರವನ್ನು ಎರಡನೇ ಸಲ ಹಾಕಿಸಿದ ಲೀಟರಿನಿಂದ ಭಾಗಿಸಿ. 412 ಕಿಲೋಮೀಟರಿಗೆ 25.6 ಲೀಟರ್ ಹಿಡಿದರೆ ಲೀಟರಿಗೆ 16.1. ಒಂದು ಟ್ಯಾಂಕಿನ ಲೆಕ್ಕ ನಂಬಬೇಡಿ, ಎರಡು ಮೂರು ಟ್ಯಾಂಕ್ ಬರೆದಿಡಿ. ಮೀಟರ್ ಬೋರ್ಡಿನ ಮೈಲೇಜ್ ಇಸಿಯು ಲೆಕ್ಕ ಹಾಕಿದ ಅಂದಾಜು. ಅದು ಎಷ್ಟೋ ಕಾರುಗಳಲ್ಲಿ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ.

ಕಟ್ ಆದ ಮೇಲೆ “ರೌಂಡ್ ಫಿಗರ್” ಮಾಡಲು ಇನ್ನಷ್ಟು ಹಿಂಡಿಸುವ ಅಭ್ಯಾಸ ಬಿಡಿ. ಲೆಕ್ಕ ಕೆಡುವುದಲ್ಲದೆ, ಕುತ್ತಿಗೆವರೆಗೆ ತುಂಬಿದ ಪೆಟ್ರೋಲ್ ಆವಿ ಹೀರುವ ಇದ್ದಿಲಿನ ಡಬ್ಬಿಗೆ ಹೋಗಿ ಅದನ್ನು ಹಾಳು ಮಾಡುತ್ತದೆ. ಆ ಡಬ್ಬಿಯೇ ಮುಂದೆ ಮೈಲೇಜ್ ಇಳಿಸುವ ಕಾರಣವಾಗಬಹುದು.

ಬಂಕಿನ ಮೇಲೆ ಅನುಮಾನವಿದ್ದರೆ ಅಲ್ಲೇ ಕೇಳಿ. ಪ್ರತಿ ಬಂಕಿನಲ್ಲೂ ಕಾನೂನು ಮಾಪನ ಇಲಾಖೆಯ ಮುದ್ರೆಯಿರುವ 5 ಲೀಟರಿನ ಅಳತೆ ಪಾತ್ರೆ ಇರಬೇಕು, ಗ್ರಾಹಕ ಕೇಳಿದರೆ ಅಳೆದು ತೋರಿಸಬೇಕು. 5 ಲೀಟರಿಗೆ 25 ಮಿಲಿಲೀಟರ್ ಆಚೀಚೆ ಆಗುವುದಕ್ಕೆ ಅವಕಾಶವಿದೆ. ಅದರಷ್ಟೇ ತಪ್ಪು ಇದ್ದರೂ 16ರ ಮೈಲೇಜು 15.9 ಆಗುತ್ತದೆ, ಅಷ್ಟೆ. 18 ಇದ್ದದ್ದು 14 ಆಗಲು ಬಂಕ್ ಕಾರಣವಾಗುವುದು ತೀರ ಅಪರೂಪ.

ಇನ್ನು ಓಡಾಟ ಬದಲಾಗಿದೆಯೇ ನೋಡಿ. ತಣ್ಣಗಿರುವ ಇಂಜಿನ್ನಿಗೆ ಇಸಿಯು ಹೆಚ್ಚು ಪೆಟ್ರೋಲ್ ಕೊಡುತ್ತದೆ. ಮಗುವನ್ನು ಶಾಲೆಗೆ ಬಿಡಲು ದಿನಕ್ಕೆರಡು ಸಲ ಮೂರು ಮೂರು ಕಿಲೋಮೀಟರ್ ಓಡುವ ಕಾರು ಬಿಸಿಯಾಗುವಷ್ಟರಲ್ಲಿ ಮನೆ ತಲುಪಿರುತ್ತದೆ. ಈ ಗಾತ್ರದ ಇಂಜಿನ್ ನಿಂತಲ್ಲೇ ಐಡಲ್ ಆದರೆ ಗಂಟೆಗೆ ಸುಮಾರು ಅರ್ಧದಿಂದ ಮುಕ್ಕಾಲು ಲೀಟರ್ ಕುಡಿಯುತ್ತದೆ, ಎಸಿ ಇದ್ದರೆ ಇನ್ನೂ ಹೆಚ್ಚು. ಬೆಂಗಳೂರಿನ ಸಿಲ್ಕ್ ಬೋರ್ಡ್ ದಾರಿಯಲ್ಲಿ ದಿನಕ್ಕೆ ನಲವತ್ತು ನಿಮಿಷ ನಿಂತೇ ಕಳೆದರೆ ಒಂದು ಮೀಟರೂ ಮುಂದೆ ಹೋಗದೆ ಐದಾರು ಕಿಲೋಮೀಟರಿನ ಪೆಟ್ರೋಲ್ ಮುಗಿದಿರುತ್ತದೆ. ಕಂಪನಿ ಜಾಹೀರಾತಿನಲ್ಲಿರುವ, ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಮೈಲೇಜು ಪ್ರಯೋಗಾಲಯದ ರೋಲರಿನ ಮೇಲೆ ಅಳೆದದ್ದು. ಅದರ ಜೊತೆ ಹೋಲಿಸಬೇಡಿ, ನಿಮ್ಮ ಕಾರಿನ ಹಳೆಯ ಲೆಕ್ಕದ ಜೊತೆ ಹೋಲಿಸಿ.

ಟೈರ್ ಸೈಜ್ ಬದಲಿಸಿದ ಮೇಲೆ ಮೈಲೇಜ್ ಇಳಿದಿದ್ದರೆ ಅದರಲ್ಲಿ ಒಂದು ಪಾಲು ಸುಳ್ಳು. 165/80 ಆರ್14 ತೆಗೆದು 195/65 ಆರ್15 ಹಾಕಿದರೆ ಚಕ್ರದ ಸುತ್ತಳತೆ ಸುಮಾರು 2.4 ಶೇಕಡಾ ದೊಡ್ಡದಾಗುತ್ತದೆ. ಚಕ್ರ ಕಡಿಮೆ ಸುತ್ತು ತಿರುಗುವುದರಿಂದ ಓಡೋಮೀಟರ್ ಕಡಿಮೆ ದೂರ ತೋರಿಸುತ್ತದೆ. ನಿಜವಾದ 18 ನಿಮಗೆ 17.6 ಆಗಿ ಕಾಣುತ್ತದೆ. ಅಗಲ ಟೈರಿನ ತೂಕ ಮತ್ತು ಎಳೆತ ತಿನ್ನುವ ಪೆಟ್ರೋಲ್ ಇದರ ಮೇಲೆ ಬೇರೆ.

ಪೆಟ್ರೋಲ್ ಬದಲಾದ ಮೇಲೆ ಇಳಿಯಿತು: ಇ20 ವಿಚಾರ

ಎಥನಾಲ್‌ನಲ್ಲಿ ಲೀಟರಿಗೆ ಇರುವ ಶಕ್ತಿ ಪೆಟ್ರೋಲಿನ ಸುಮಾರು ಮೂರನೇ ಎರಡು ಪಾಲು. ಹಾಗಾಗಿ 20 ಶೇಕಡಾ ಎಥನಾಲ್ ಬೆರೆತರೆ ಮೈಲೇಜ್ ಸ್ವಲ್ಪ ಇಳಿಯಲೇಬೇಕು. 2021ರಲ್ಲಿ ನೀತಿ ಆಯೋಗದ ಎಥನಾಲ್ ಮಾರ್ಗಸೂಚಿ ವರದಿ, ಶುದ್ಧ ಪೆಟ್ರೋಲಿಗೆ ವಿನ್ಯಾಸಗೊಂಡು ಇ10ಕ್ಕೆ (10 ಶೇಕಡಾ ಎಥನಾಲ್) ಹೊಂದಿಸಿದ ಕಾರುಗಳಲ್ಲಿ 6–7 ಶೇಕಡಾ, ಇ10ಕ್ಕೆ ವಿನ್ಯಾಸಗೊಂಡು ಇ20ಗೆ ಹೊಂದಿಸಿದ ಕಾರುಗಳಲ್ಲಿ 1–2 ಶೇಕಡಾ ಇಳಿಕೆ ಅಂದಾಜು ಮಾಡಿತ್ತು. ಮಂಡ್ಯ, ಬೆಳಗಾವಿ, ಬಾಗಲಕೋಟೆಯ ಕಬ್ಬು ಅರೆಯುವ ನಾಡಿಗೆ ಎಥನಾಲ್ ಒಳ್ಳೆಯ ಸುದ್ದಿಯೇ ಇರಬಹುದು, ಆದರೆ ಹಳೆಯ ಕಾರಿನವರು ತಮ್ಮ ಲೆಕ್ಕಪುಸ್ತಕದಲ್ಲಿ ಇದಕ್ಕೊಂದು ಜಾಗ ಕೊಡಬೇಕು. 18 ಕೊಡುತ್ತಿದ್ದ ಕಾರು 17ಕ್ಕೆ ಬಂದಿದ್ದರೆ ದೋಷ ಹುಡುಕಿ ದುಡ್ಡು ಕಳೆಯಬೇಡಿ. 15ಕ್ಕೆ ಬಂದಿದ್ದರೆ ಇ20 ಒಂದನ್ನೇ ದೂರಿ ಕೂರಬೇಡಿ.

ಹಳೆಯ ಕಾರಿನಲ್ಲಿ ವರ್ಷಕ್ಕೊಮ್ಮೆ ಪೆಟ್ರೋಲ್ ಹೋಗುವ ರಬ್ಬರ್ ಹೋಸ್‌ಗಳನ್ನು ನೋಡಿಸಿ. ಎಥನಾಲ್‌ಗೆ ಹೊಂದದ ರಬ್ಬರ್ ಊದಿಕೊಳ್ಳುತ್ತದೆ, ಬಿರುಕು ಬಿಡುತ್ತದೆ.

ಗಾಡಿ ಹಗುರವಾಗಿ ಉರುಳುತ್ತಿಲ್ಲ, ಕಾಲು ತೆಗೆದ ಕೂಡಲೇ ಹಿಡಿದಂತಾಗುತ್ತದೆ

ಮೊದಲ ಪರೀಕ್ಷೆ ಗಾಳಿ. ಚಾಲಕನ ಬಾಗಿಲಿನ ಕಂಬದಲ್ಲಿ ಅಂಟಿಸಿರುವ ಸ್ಟಿಕ್ಕರಿನಲ್ಲಿ ನಿಮ್ಮ ಕಾರಿಗೆ ಬೇಕಾದ ಒತ್ತಡ ಇದೆ. ಸಣ್ಣ ಕಾರುಗಳಲ್ಲಿ ಅದು ಬಹುತೇಕ 29ರಿಂದ 35 ಪಿಎಸ್‌ಐ ನಡುವೆ. ಟೈರಿನ ಪಕ್ಕದಲ್ಲಿ ಬರೆದಿರುವ ಅಂಕಿ ಟೈರು ತಡೆಯುವ ಗರಿಷ್ಠ ಒತ್ತಡ, ಅದನ್ನು ತುಂಬಿಸಬಾರದು. ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ, ಟೈರ್ ತಣ್ಣಗಿರುವಾಗ ಅಳೆಯಿರಿ. ಹತ್ತು ಕಿಲೋಮೀಟರ್ ಓಡಿದ ಟೈರು 3–4 ಪಿಎಸ್‌ಐ ಹೆಚ್ಚು ತೋರಿಸುತ್ತದೆ, ಆಗ “ಜಾಸ್ತಿ ಇದೆ” ಎಂದು ಇಳಿಸಿದರೆ ಮರುದಿನ ಬೆಳಿಗ್ಗೆ ಕಡಿಮೆ. ಬಂಕಿನಲ್ಲಿ ಗಾಳಿ ಉಚಿತವಾಗಿ ಕೊಡಬೇಕೆಂಬ ನಿಯಮವಿದೆ. ಅಲ್ಲಿನ ಗೇಜ್ ಏಟು ತಿಂದು ಕೆಟ್ಟಿರುವುದು ಸಾಮಾನ್ಯ, ಸ್ವಂತ ಗೇಜ್‌ನಿಂದ ಮತ್ತೊಮ್ಮೆ ನೋಡಿ. ನಾಲ್ಕೂ ಟೈರಿನಲ್ಲಿ ಒಂದೊಂದು ಪಿಎಸ್‌ಐ ಇಳಿದರೆ ಮೈಲೇಜಿಗೆ ಸುಮಾರು 0.2 ಶೇಕಡಾ ಪೆಟ್ಟು. 10 ಪಿಎಸ್‌ಐ ಇಳಿದರೆ 2 ಶೇಕಡಾ, ಜೊತೆಗೆ ಟೈರಿನ ಎರಡೂ ಅಂಚು ಸವೆಯುತ್ತದೆ. ಒಂದೇ ಟೈರು ವಾರವಾರವೂ ಇಳಿಯುತ್ತಿದ್ದರೆ ಸೋಪಿನ ನೀರು ಹಾಕಿ ವಾಲ್ವ್ ಮತ್ತು ರಿಮ್ಮಿನ ಅಂಚು ನೋಡಿ, ಗುಳ್ಳೆ ಬಂದಲ್ಲಿ ಸೋರಿಕೆ.

ಎರಡನೆಯದು ತಳ್ಳುವ ಪರೀಕ್ಷೆ. ಸಪಾಟಾದ ಸಿಮೆಂಟ್ ನೆಲ, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಕೆಳಗೆ. ಸೀಟಿನಲ್ಲೊಬ್ಬರು ಕೀ ಆನ್ ಮಾಡಿ ಕೂತಿರಬೇಕು, ಇಲ್ಲದಿದ್ದರೆ ಸ್ಟೀರಿಂಗ್ ಲಾಕ್ ಆದೀತು. ಸಣ್ಣ ಕಾರನ್ನು ಒಬ್ಬ ಆಳು ಹಿಂದಿನಿಂದ ತಳ್ಳಿದರೆ ಚಲಿಸಬೇಕು. ಇಬ್ಬರು ಸೇರಿ ತಳ್ಳಿದರೂ ಎಳೆದು ಹಿಡಿದಂತಿದ್ದರೆ ಬ್ರೇಕ್ ಬಿಡುತ್ತಿಲ್ಲ. ಇಂಜಿನ್ ಆಫ್ ಇರುವಾಗ ಬ್ರೇಕಿನ ಬೂಸ್ಟರ್ ಎರಡು ಮೂರು ಒತ್ತಿಗೆ ಮುಗಿಯುತ್ತದೆ, ಪೆಡಲ್ ಕಲ್ಲಾಗುತ್ತದೆ. ಇಳಿಜಾರಿನಲ್ಲಿ ಈ ಪರೀಕ್ಷೆ ಮಾಡಲೇಬೇಡಿ.

ಕಾರು ಒಂದು ಪಕ್ಕಕ್ಕೆ ಎಳೆಯುತ್ತಿದ್ದರೆ ಟೈರಿನ ಮೇಲೆ ಅಂಗೈಯನ್ನು ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ಸವರಿ. ಒಂದು ದಿಕ್ಕಿಗೆ ನಯ, ಇನ್ನೊಂದು ದಿಕ್ಕಿಗೆ ಗರಗಸದಂತೆ ಹತ್ತಿದರೆ ಟೋ ಅಲೈನ್‌ಮೆಂಟ್ ತಪ್ಪಿದೆ. ಚಕ್ರ ಉರುಳುವ ಬದಲು ಅಡ್ಡಡ್ಡ ಉಜ್ಜುತ್ತಿದೆ ಎಂದರ್ಥ. ದೊಡ್ಡ ಗುಂಡಿಗೆ ಬಿದ್ದ ಮೇಲೆ ಶುರುವಾದದ್ದಾದರೆ ಅಲೈನ್‌ಮೆಂಟ್‌ಗೆ ಮುಂಚೆ ಟೈ ರಾಡ್, ಬಾಲ್ ಜಾಯಿಂಟ್ ಅಲ್ಲಾಡುತ್ತಿವೆಯೇ ನೋಡಿಸಿ. ಸಡಿಲ ಜಾಯಿಂಟ್ ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸಿದರೆ ವಾರದಲ್ಲಿ ಮತ್ತೆ ತಪ್ಪುತ್ತದೆ.

ಒಂದು ಚಕ್ರ ಮಾತ್ರ ಸುಡುತ್ತಿದೆ, ಸುಟ್ಟ ವಾಸನೆ

ಹತ್ತು ಹದಿನೈದು ಕಿಲೋಮೀಟರ್ ಬ್ರೇಕ್ ಕಡಿಮೆ ಬಳಸಿ ಓಡಿಸಿ, ಕೊನೆಗೆ ಗಾಡಿ ತಾನಾಗಿ ನಿಧಾನಗೊಳ್ಳಲು ಬಿಟ್ಟು ನಿಲ್ಲಿಸಿ. ಪ್ರತಿ ಚಕ್ರದ ಹತ್ತಿರ ಅಂಗೈಯ ಹಿಂಭಾಗ ಹಿಡಿದು ಶಾಖ ನೋಡಿ. ಡಿಸ್ಕ್ ಮುಟ್ಟಬೇಡಿ, ಚರ್ಮ ಸುಲಿಯುವಷ್ಟು ಬಿಸಿ ಇರಬಹುದು. ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಬಿಸಿ ಇರುವುದು ಸಹಜ. ಹೋಲಿಸಬೇಕಾದದ್ದು ಎಡಕ್ಕೂ ಬಲಕ್ಕೂ. ಒಂದು ಸ್ಪಷ್ಟವಾಗಿ ಹೆಚ್ಚು ಬಿಸಿ ಇದ್ದರೆ ಆ ಚಕ್ರದ ಬ್ರೇಕ್ ಹಿಡಿದಿದೆ. ಬಿಸಿ ಡಿಸ್ಕಿಗೆ ನೀರು ಹಾಕಬೇಡಿ, ಸೊಟ್ಟಗಾಗುತ್ತದೆ.

ಹಿಂದಿನ ಎರಡೂ ಚಕ್ರ ಬಿಸಿಯಾದರೆ ಮೊದಲ ಅನುಮಾನ ಹ್ಯಾಂಡ್‌ಬ್ರೇಕ್ ಕೇಬಲ್. ಎಳೆದಾಗ ಎಷ್ಟು ಕ್ಲಿಕ್ ಆಗಬೇಕೆಂದು ಕಾರಿನ ಪುಸ್ತಕದಲ್ಲಿ ಇದೆ, ಬಹಳ ಕಾರುಗಳಲ್ಲಿ ಐದರಿಂದ ಎಂಟು. ಎರಡು ಮೂರು ಕ್ಲಿಕ್ಕಿಗೇ ಬಿಗಿಯಾದರೆ ಯಾರೋ ಅತಿಯಾಗಿ ಬಿಗಿ ಮಾಡಿದ್ದಾರೆ. ಕರಾವಳಿಯಲ್ಲಿ ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಿದ ಕಾರಿನ ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಂಡು ತುಕ್ಕು ಹಿಡಿಯುತ್ತದೆ. ಅಂಥಲ್ಲಿ ಸಪಾಟು ನೆಲದಲ್ಲಿ ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡುವುದೇ ಲೇಸು.

ಮುಂದಿನ ಒಂದು ಚಕ್ರವಾದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್. ಅದು ಜಾರುವ ಎರಡು ಪಿನ್ನುಗಳ ರಬ್ಬರ್ ಹರಿದು ಕೆಸರು ಹೋಗಿ ಬಿಗಿಯಾಗಿರುತ್ತದೆ. ಒಳಗಿನ ಪ್ಯಾಡ್ ಸವೆದು ಹೊರಗಿನದು ಹಾಗೇ ಉಳಿದಿದ್ದರೆ ಇದೇ ಕಾರಣ. ಪಿನ್ ತೆಗೆದು ಒರೆಸಿ ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸ್ ಹಚ್ಚಬೇಕು. ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಊದಿ ಮತ್ತೆ ಹಿಡಿದುಕೊಳ್ಳುತ್ತದೆ. ಈ ಕೆಲಸ ಕೈ ಪಳಗಿದವರು ಮನೆಯಲ್ಲಿ ಮಾಡಬಹುದು, ಆದರೆ ಬರೀ ಜಾಕಿಯ ಮೇಲೆ ಅಲ್ಲ. ಸ್ಟ್ಯಾಂಡ್ ಕೊಡದ ಕಾರಿನ ಕೆಳಗೆ ಕೈಯನ್ನೂ ತೂರಿಸಬೇಡಿ. ಪಿನ್ ಸರಾಗವಾಗಿದ್ದೂ ಹಿಡಿಯುತ್ತಿದ್ದರೆ ಪಿಸ್ಟನ್ ತುಕ್ಕು ಹಿಡಿದಿದೆ ಅಥವಾ ಬ್ರೇಕ್ ಹೋಸ್ ಒಳಗೇ ಕುಸಿದು ಎಣ್ಣೆಯನ್ನು ಹಿಂದಕ್ಕೆ ಬಿಡುತ್ತಿಲ್ಲ. ಅದು ಗ್ಯಾರೇಜಿನ ಕೆಲಸ. ಚಕ್ರದಿಂದ ಹೊಗೆ ಬಂದರೆ ಅಥವಾ ಪೆಡಲ್ ಮೆತ್ತಗಾದರೆ ಗಾಡಿ ಅಲ್ಲೇ ನಿಲ್ಲಿಸಿ, ಟೋ ಮಾಡಿಸಿ.

ಇದೇ ವಾಸನೆಗೆ ನಮ್ಮ ಬಯಲುಸೀಮೆಯಲ್ಲಿ ಇನ್ನೊಂದು ಕಾರಣವಿದೆ. ಸುಗ್ಗಿಯಲ್ಲಿ ರಸ್ತೆಗೆ ಹರಡಿದ ಹುರುಳಿ, ರಾಗಿ ಹುಲ್ಲಿನ ಮೇಲೆ ಹಾದುಹೋದಾಗ ಅದು ಆ್ಯಕ್ಸಲ್‌ಗೆ ಸುತ್ತಿಕೊಳ್ಳುತ್ತದೆ, ಸೈಲೆನ್ಸರಿಗೆ ತಾಗಿ ಹೊತ್ತಿಕೊಳ್ಳಲೂಬಹುದು. ದಾಟಿದ ಮೇಲೆ ನಿಲ್ಲಿಸಿ ಬಗ್ಗಿ ನೋಡಿ. ಸುತ್ತಿಕೊಂಡಿದ್ದರೆ ಇಂಜಿನ್ ಆಫ್ ಮಾಡಿ, ಕೋಲಿನಿಂದ ತೆಗೆಯಿರಿ.

ಇಂಜಿನ್ ಬೇಗ ಬಿಸಿಯಾಗುತ್ತಿಲ್ಲ, ಮುಳ್ಳು ಕೆಳಗೇ ಇರುತ್ತದೆ

ಹೆಚ್ಚು ಜನ ಗಮನಿಸದ ದೋಷ ಇದು. ಇಂಜಿನ್ ಬಿಸಿಯಾಗುವವರೆಗೆ ಕೂಲೆಂಟ್ (ಇಂಜಿನ್ ತಂಪು ಮಾಡುವ ದ್ರವ) ರೇಡಿಯೇಟರಿಗೆ ಹೋಗದಂತೆ ತಡೆಯುವ ಥರ್ಮೋಸ್ಟಾಟ್ ಕೆಟ್ಟು ತೆರೆದೇ ಉಳಿದರೆ ಇಂಜಿನ್ ಸದಾ ಅರೆಬಿಸಿ, ಅರೆಬಿಸಿ ಇಂಜಿನ್ನಿಗೆ ಇಸಿಯು ಸದಾ ಹೆಚ್ಚು ಪೆಟ್ರೋಲ್. “ನಮ್ಮ ಬಿಸಿಲಿಗೆ ಥರ್ಮೋಸ್ಟಾಟ್ ಯಾಕೆ” ಎಂದು ಅದನ್ನು ಕಿತ್ತೇ ಹಾಕುವ, ರೇಡಿಯೇಟರ್ ಫ್ಯಾನಿಗೆ ನೇರ ವೈರ್ ಕೊಡುವ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರು ಇದನ್ನು ಖಂಡಿತ ಪರೀಕ್ಷಿಸಬೇಕು.

ರಾತ್ರಿಯಿಡೀ ನಿಂತ ಕಾರನ್ನು ಸ್ಟಾರ್ಟ್ ಮಾಡಿ, ರೇಡಿಯೇಟರಿನ ಮೇಲಿನ ಹೋಸ್ ಮುಟ್ಟಿ. ತಿರುಗುವ ಬೆಲ್ಟ್ ಮತ್ತು ಫ್ಯಾನಿನಿಂದ ಕೈ, ಸೆರಗು, ದುಪಟ್ಟಾ ದೂರವಿರಲಿ. ಥರ್ಮೋಸ್ಟಾಟ್ ಸರಿಯಿದ್ದರೆ ಹೆಚ್ಚಿನ ಕಾರುಗಳಲ್ಲಿ ಹೋಸ್ ಹಲವು ನಿಮಿಷ ತಣ್ಣಗಿದ್ದು ಆಮೇಲೆ ಥಟ್ಟನೆ ಬಿಸಿಯಾಗುತ್ತದೆ. ಮೊದಲ ನಿಮಿಷದಿಂದಲೇ ಮೆಲ್ಲಮೆಲ್ಲಗೆ ಬೆಚ್ಚಗಾಗುತ್ತ ಹೋದರೆ ಅದು ತೆರೆದೇ ಇದೆ, ಇಲ್ಲವೇ ಅಲ್ಲಿ ಇಲ್ಲವೇ ಇಲ್ಲ. ಡಾಂಗಲ್ ಇದ್ದರೆ ಕೂಲೆಂಟ್ ತಾಪಮಾನ 80 ಡಿಗ್ರಿ ದಾಟಿ 85–95ರ ಆಸುಪಾಸಿನಲ್ಲಿ ನಿಲ್ಲಬೇಕು. ಹೈವೇಯಲ್ಲಿ 70ಕ್ಕೆ ಇಳಿದು ಸಿಗ್ನಲ್ಲಿನಲ್ಲಿ ಏರಿದರೆ ದೋಷ ಖಚಿತ. ಮುಳ್ಳಿಲ್ಲದ ಕಾರುಗಳಲ್ಲಿ ನೀಲಿ ದೀಪ ಆರಲು ಎಷ್ಟು ಹೊತ್ತು ಬೇಕು ನೋಡಿ.

ಬಿಡಿಭಾಗ ದುಬಾರಿಯಲ್ಲ. ಇಂಜಿನ್ ಪೂರ್ತಿ ಆರಿದ ಮೇಲೆ ಕೂಲೆಂಟ್ ಇಳಿಸಿ, ಹೊಸ ಗ್ಯಾಸ್ಕೆಟ್ ಜೊತೆ ಕೂರಿಸಿ, ಗಾಳಿ ಹೊರಹೋಗುವಂತೆ ತುಂಬಬೇಕು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆರೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಕೂಲೆಂಟ್ ಸಿಹಿಯಾದ ವಿಷ, ಚೆಲ್ಲಿದ್ದನ್ನು ನಾಯಿ, ಮಕ್ಕಳು ಮುಟ್ಟದಂತೆ ತೊಳೆಯಿರಿ.

ಇಂಜಿನ್ ರೇಸ್ ಆಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ

ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 40ರ ವೇಗದಲ್ಲಿರುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ. ಇಂಜಿನ್ನಿನ ಸದ್ದು ಮತ್ತು ವೇಗ ಜೊತೆಜೊತೆಗೆ ನಿಧಾನಕ್ಕೆ ಏರಬೇಕು. ಸದ್ದು ಒಮ್ಮೆಲೆ ಏರಿ ವೇಗ ಅಲ್ಲೇ ಉಳಿದರೆ ಕ್ಲಚ್ ಪ್ಲೇಟ್ ಜಾರುತ್ತಿದೆ. ಚಾರ್ಮಾಡಿಯಂಥ ಘಾಟಿ ಹತ್ತುವಾಗ ಇದು ಮೊದಲು ಗೊತ್ತಾಗುತ್ತದೆ. ಕೇಬಲ್ ಕ್ಲಚ್ ಆದರೆ ಪೆಡಲಿನ ಮೇಲ್ಭಾಗದಲ್ಲಿ ಪುಸ್ತಕ ಹೇಳಿದಷ್ಟು ಸಡಿಲ ಇದೆಯೇ ನೋಡಿ. ಸಡಿಲವೇ ಇಲ್ಲದಿದ್ದರೆ ಕ್ಲಚ್ ಸದಾ ಅರ್ಧ ಒತ್ತಿದಂತೆ ಇರುತ್ತದೆ, ಹೊಂದಿಸಿದರೆ ಸರಿಹೋದೀತು. ಇಲ್ಲದಿದ್ದರೆ ಗೇರ್‌ಬಾಕ್ಸ್ ಇಳಿಸುವ ಕೆಲಸ, ಮನೆಯದಲ್ಲ.

ಪೆಟ್ರೋಲ್ ವಾಸನೆ, ಸೈಲೆನ್ಸರಿನಲ್ಲಿ ಕಪ್ಪು ಮಸಿ

ಕಾರಿನ ಒಳಗೆ, ಬಾನೆಟ್ ಹತ್ತಿರ ಅಥವಾ ನಿಲ್ಲಿಸಿದ ಜಾಗದಲ್ಲಿ ಹಸಿ ಪೆಟ್ರೋಲ್ ವಾಸನೆ ಇದ್ದರೆ ಇಲ್ಲಿಗೇ ನಿಲ್ಲಿಸಿ. ಸ್ಟಾರ್ಟ್ ಮಾಡಬೇಡಿ, ಬೀಡಿ ಸಿಗರೇಟು ಹತ್ತಿರ ಬೇಡ, ಕಾರನ್ನು ಮನೆಯ ಪೋರ್ಟಿಕೊದಿಂದ ಹೊರಗೆ ತಳ್ಳಿಸಿ ಮೆಕ್ಯಾನಿಕ್‌ನನ್ನು ಅಲ್ಲಿಗೇ ಕರೆಸಿ. ಇಲಿ ಕಡಿದ ಹೋಸ್ ಇಲ್ಲವೇ ಇಂಜೆಕ್ಟರಿನ ರಬ್ಬರ್ ರಿಂಗ್ ಸಾಮಾನ್ಯ ಕಾರಣ. ಇಂಜಿನ್ ಬಿಸಿಗೆ ಒಂದು ಹನಿ ಸಾಕು.

ಹೊರಗೆ ಸೋರಿಕೆ ಇಲ್ಲದೆ ಸೈಲೆನ್ಸರಿನ ತುದಿಯಲ್ಲಿ ಬೆರಳಿಗೆ ಹತ್ತುವ ದಪ್ಪ ಒಣ ಮಸಿ ಇದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗಿದೆ. ಮಸಿ ಎಣ್ಣೆಯಂತೆ ಜಿಡ್ಡಾಗಿದ್ದರೆ ಇಂಜಿನ್ ಆಯಿಲ್ ಉರಿಯುತ್ತಿದೆ, ಅದು ಬೇರೆ ದಾರಿ. ಡಿಪ್‌ಸ್ಟಿಕ್ ಎಳೆದು ಮೂಸಿ. ಪೆಟ್ರೋಲ್ ವಾಸನೆ ಬಂದು ಆಯಿಲ್ ಮಟ್ಟ ತಾನಾಗಿ ಏರಿದ್ದರೆ ಇಂಜೆಕ್ಟರ್ ಸೋರುತ್ತಿರಬಹುದು. ತೆಳುವಾದ ಆಯಿಲ್‌ನಲ್ಲಿ ಓಡಿಸಿದರೆ ಬೇರಿಂಗ್ ಹೋಗುತ್ತದೆ.

ಅಗ್ಗದ ಪರೀಕ್ಷೆಯೊಂದು ನಿಮ್ಮ ಹತ್ತಿರವೇ ಇದೆ: ಎಮಿಷನ್ ಟೆಸ್ಟ್ ಚೀಟಿ. ಬಿಎಸ್4 (ಹೊಗೆಯ ಮಾನದಂಡ ಭಾರತ್ ಸ್ಟೇಜ್ 4) ಮತ್ತು ನಂತರದ ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ 0.3 ಶೇಕಡಾ, ಹೈಡ್ರೋಕಾರ್ಬನ್ 200 ಪಿಪಿಎಂ ಮಿತಿ. 2500 ಆರ್‌ಪಿಎಂ ಆಸುಪಾಸಿನಲ್ಲಿ ಮಾನಾಕ್ಸೈಡ್ 0.2, ಗಾಳಿ-ಪೆಟ್ರೋಲ್ ಪ್ರಮಾಣ ಹೇಳುವ ಲ್ಯಾಂಬ್ಡಾ 0.97ರಿಂದ 1.03. ಇಂಜಿನ್ ಚೆನ್ನಾಗಿ ಬಿಸಿಯಾಗಿರುವಾಗ, ನಳಿಕೆಯನ್ನು ಸೈಲೆನ್ಸರಿನ ಒಳಕ್ಕೆ ಪೂರ್ತಿ ತೂರಿಸಿ ಅಳೆಯಲು ಕೇಳಿಕೊಳ್ಳಿ. ಮಾನಾಕ್ಸೈಡ್ ಹೆಚ್ಚಿದ್ದು ಲ್ಯಾಂಬ್ಡಾ 0.97ಕ್ಕಿಂತ ಕೆಳಗಿದ್ದರೆ ಪೆಟ್ರೋಲ್ ಹೆಚ್ಚು. ಮಾನಾಕ್ಸೈಡ್ ಕಡಿಮೆ, ಹೈಡ್ರೋಕಾರ್ಬನ್ ಮಾತ್ರ ಹೆಚ್ಚು ಎಂದಾದರೆ ಯಾವುದೋ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ.

ಏರ್ ಫಿಲ್ಟರ್ ಬಗ್ಗೆ ಇಲ್ಲೇ ಹೇಳಬೇಕು. ಕಾರ್ಬುರೇಟರ್ ಕಾಲದಲ್ಲಿ ಕೊಳೆ ಫಿಲ್ಟರ್ ಮೈಲೇಜ್ ತಿನ್ನುತ್ತಿತ್ತು. 2009ರಲ್ಲಿ ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ ಇಂಜೆಕ್ಷನ್ ಪೆಟ್ರೋಲ್ ಕಾರುಗಳಲ್ಲಿ ಪರೀಕ್ಷಿಸಿದಾಗ ಕಟ್ಟಿಕೊಂಡ ಫಿಲ್ಟರಿನಿಂದ ಪಿಕಪ್ ಕುಗ್ಗಿತೇ ಹೊರತು ಮೈಲೇಜಿನಲ್ಲಿ ಗಮನಾರ್ಹ ವ್ಯತ್ಯಾಸ ಬರಲಿಲ್ಲ. ಬರುವ ಗಾಳಿಗೆ ತಕ್ಕಂತೆ ಇಸಿಯು ಪೆಟ್ರೋಲನ್ನೂ ಕಡಿಮೆ ಮಾಡುತ್ತದೆ. ಫಿಲ್ಟರ್ ಬದಲಿಸಿ, ಇಂಜಿನ್ನಿನ ಆಯುಷ್ಯಕ್ಕಾಗಿ. ಲೀಟರಿಗೆ ನಾಲ್ಕು ಕಿಲೋಮೀಟರ್ ವಾಪಸ್ ಬರುತ್ತದೆಂದು ಕಾಯಬೇಡಿ.

ಜರ್ಕ್, ಮಿಸ್ಸಿಂಗ್, ಐಡಲ್‌ನಲ್ಲಿ ನಡುಕ

ಮಿಸ್ಸಿಂಗ್ ಎಂದರೆ ಯಾವುದೋ ಸಿಲಿಂಡರ್ ಸರಿಯಾಗಿ ಉರಿಯದಿರುವುದು. ಉರಿಯದೆ ಹೋದ ಪೆಟ್ರೋಲ್ ನೇರ ಸೈಲೆನ್ಸರಿಗೆ ಹೋಗುತ್ತದೆ. ಚೆಕ್ ಇಂಜಿನ್ ಲೈಟ್ ಮಿಣುಕಲು ಶುರುಮಾಡಿದರೆ ಆಕ್ಸಿಲರೇಟರಿನಿಂದ ಕಾಲು ತೆಗೆದು ಗಾಡಿ ಬದಿಗೆ ಹಾಕಿ. ಆ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನು ಕೆಂಪಗೆ ಕಾಯಿಸುತ್ತದೆ, ಒಣಹುಲ್ಲಿನ ಮೇಲೆ ನಿಲ್ಲಿಸಬೇಡಿ.

ಪ್ಲಗ್ ತೆಗೆಯುವುದು ಇಂಜಿನ್ ಆರಿದ ಮೇಲೆ. ಬಿಸಿ ಅಲ್ಯೂಮಿನಿಯಂ ಹೆಡ್ಡಿನಿಂದ ತಿರುಗಿಸಿದರೆ ಥ್ರೆಡ್ ಕಿತ್ತು ಬರುತ್ತದೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಪ್ಲಗ್ಗಿಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್ ತೆಗೆದು, ಗುಳಿಯ ಧೂಳು ಊದಿ, ಆಮೇಲೆ ಪ್ಲಗ್. ಯಾವುದು ಯಾವ ಸಿಲಿಂಡರಿನದು ಎಂದು ಸಾಲಾಗಿ ಇಡಿ. ತುದಿ ತಿಳಿ ಕಂದು ಅಥವಾ ಬೂದು ಬಣ್ಣವಿದ್ದರೆ ಸರಿ. ಒಣ ಕಪ್ಪು ಮಸಿ ಎಲ್ಲದರಲ್ಲೂ ಇದ್ದರೆ ಪೆಟ್ರೋಲ್ ಹೆಚ್ಚು. ಒಂದರಲ್ಲಿ ಮಾತ್ರ ಇದ್ದರೆ ಆ ಸಿಲಿಂಡರಿನ ಕಾಯಿಲ್, ಪ್ಲಗ್ ಅಥವಾ ಇಂಜೆಕ್ಟರ್. ಒದ್ದೆ ಜಿಡ್ಡು ಇದ್ದರೆ ಆಯಿಲ್. ಸುಣ್ಣದಂತೆ ಬಿಳಿ ಇದ್ದು ತುದಿ ಕರಗಿದಂತಿದ್ದರೆ ಅತಿ ಶಾಖ, ಗ್ಯಾರೇಜಿಗೆ ಹೋಗಿ. ಅನುಮಾನದ ಕಾಯಿಲನ್ನು ಪಕ್ಕದ ಸಿಲಿಂಡರಿನ ಕಾಯಿಲಿನೊಂದಿಗೆ ಅದಲುಬದಲು ಮಾಡಿ. ಮಿಸ್ಸಿಂಗ್ ಅದರ ಹಿಂದೆಯೇ ಹೋದರೆ ಕಾಯಿಲ್ ಕೆಟ್ಟಿದೆ, ಅಲ್ಲೇ ಉಳಿದರೆ ಕಾಯಿಲ್ ನಿರಪರಾಧಿ.

ಹೊಸ ಪ್ಲಗ್ಗನ್ನು ಕೈಯಲ್ಲೇ ತಿರುಗಿಸಿ ಕೂರಿಸಿ, ವಾಷರ್ ತಟ್ಟಿದ ಮೇಲೆ ಪಾನಾದಿಂದ ಸುಮಾರು ಅರ್ಧ ಸುತ್ತು ಸಾಕು. ಹಳೆಯದನ್ನೇ ಹಾಕುವುದಾದರೆ ತುಸು ಬಿಗಿ ಮಾತ್ರ, ಅದರ ವಾಷರ್ ಆಗಲೇ ಒತ್ತಿರುತ್ತದೆ. ಗ್ಯಾಪ್ ಪುಸ್ತಕದಲ್ಲಿದ್ದಂತೆ ಇರಲಿ. ಇರಿಡಿಯಂ ಪ್ಲಗ್ಗಿನ ತುದಿಗೆ ಗೇಜ್ ತುರುಕಬೇಡಿ, ಸೂಜಿಯಂಥ ಆ ತುದಿ ಮುರಿಯುತ್ತದೆ.

ಚೆಕ್ ಇಂಜಿನ್ ಲೈಟ್ ಹತ್ತಿದೆ, ಅಥವಾ ಮೇಲಿನ ಯಾವುದೂ ಸಿಗಲಿಲ್ಲ

ಭಾರತದಲ್ಲಿ 2013ರ ಏಪ್ರಿಲ್‌ನಿಂದ ಒಬಿಡಿ-2 ಕಡ್ಡಾಯವಾಯಿತು. ಅದರ ನಂತರದ ಕಾರಿಗೆ ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಡಾಂಗಲ್ ಚುಚ್ಚಿ ಫೋನಿನಲ್ಲಿ ಓದಬಹುದು. ಓಡಿಸುವವರು ಫೋನ್ ನೋಡಬಾರದು, ಪಕ್ಕದಲ್ಲಿ ಕೂತವರು ಬರೆದುಕೊಳ್ಳಲಿ. ಕೋಡ್ ಅಳಿಸುವ ಮುಂಚೆ ಬರೆದಿಡಿ. ಪಿ0172 ಎಂದರೆ ಪೆಟ್ರೋಲ್ ಹೆಚ್ಚು, ಪಿ0171 ಎಂದರೆ ಗಾಳಿ ಹೆಚ್ಚು, ಪಿ0128 ಎಂದರೆ ಇಂಜಿನ್ ಬಿಸಿಯಾಗುತ್ತಿಲ್ಲ, ಪಿ0301ರಿಂದ ಮುಂದಿನವು ಆಯಾ ಸಿಲಿಂಡರಿನ ಮಿಸ್ಸಿಂಗ್. ಕೋಡ್ ಎಂದರೆ ರೋಗಲಕ್ಷಣ. ಪಿ0172 ಬಂತೆಂದು ಆಕ್ಸಿಜನ್ ಸೆನ್ಸರ್ ಬದಲಿಸುವವರು ಹಲವು ಸಾವಿರ ಕಳೆದುಕೊಳ್ಳುತ್ತಾರೆ. ಸೆನ್ಸರ್ ಎಷ್ಟೋ ಸಲ ನಿಜವನ್ನೇ ಹೇಳುತ್ತಿರುತ್ತದೆ.

ಕೋಡ್ ಇಲ್ಲದಿದ್ದರೂ ಈ ಅಂಕಿಗಳನ್ನು ನೋಡಿ.

ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ, ಕೀ ಮಾತ್ರ ಆನ್: ಕೂಲೆಂಟ್ ತಾಪಮಾನ ಮತ್ತು ಒಳಬರುವ ಗಾಳಿಯ ತಾಪಮಾನ ಎರಡೂ ಹೊರಗಿನ ಹವೆಯಷ್ಟೇ ಇರಬೇಕು. ಬೆಂಗಳೂರಿನ 20 ಡಿಗ್ರಿ ಬೆಳಗಿನಲ್ಲಿ ಕೂಲೆಂಟ್ ಸೆನ್ಸರ್ 2 ಎಂದರೆ, ಅದನ್ನು ನಂಬಿ ಇಸಿಯು ದಿನವೂ ಹಿಮಗಾಲದ ಪೆಟ್ರೋಲ್ ಕೊಡುತ್ತಿದೆ. ಅದೇ ಹೊತ್ತಿಗೆ ಇಂಜಿನ್ನಿಗೆ ಬರುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಊರಿನ ವಾಯುಭಾರ ತೋರಿಸಬೇಕು: ಮಂಗಳೂರಿನಲ್ಲಿ ಸುಮಾರು 100 ಕಿಲೋಪಾಸ್ಕಲ್, 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 91. ಬೆಂಗಳೂರಿನಲ್ಲಿ 101 ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಇಂಟರ್ನೆಟ್ಟಿನ “101 ಇರಬೇಕು” ಎಂಬ ಮಾತು ಸಮುದ್ರಮಟ್ಟದ ಊರಿನದು.

ಇಂಜಿನ್ ಬಿಸಿಯಾದ ಮೇಲೆ, ಎಸಿ ಆಫ್, ಐಡಲ್: ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್, ಅಂದರೆ ಇಸಿಯು ತನ್ನ ಮೂಲ ಲೆಕ್ಕಕ್ಕಿಂತ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚಿಸಿದೆ (ಪ್ಲಸ್) ಅಥವಾ ಇಳಿಸಿದೆ (ಮೈನಸ್) ಎಂಬ ಅಂಕಿ. ಸಾಮಾನ್ಯವಾಗಿ ಸೊನ್ನೆಯಿಂದ 10ರೊಳಗೆ ಆಚೀಚೆ ಇದ್ದರೆ ಚಿಂತೆಯಿಲ್ಲ. ಇ10ಕ್ಕೆ ಹೊಂದಿಸಿದ ಕಾರಿಗೆ ಇ20 ಹಾಕಿದರೆ ಟ್ರಿಮ್ ಪ್ಲಸ್ ಕಡೆ ನಾಲ್ಕೈದು ಅಂಕ ಏರುವುದು ಸಹಜ, ಅದೇ ಗಾಳಿಗೆ ಎಥನಾಲ್ ಮಿಶ್ರಣ ಹೆಚ್ಚು ಬೇಕು. ಪ್ಲಸ್ 15 ದಾಟಿದ್ದು, 2500 ಆರ್‌ಪಿಎಂನಲ್ಲಿ ಕೆಳಗಿಳಿದರೆ ಥ್ರಾಟಲ್ (ಗಾಳಿ ಒಳಬಿಡುವ ಬಾಗಿಲು) ಆಚೆಯ ಯಾವುದೋ ಹೋಸ್ ಬಿರುಕಿನಿಂದ ಗಾಳಿ ಎಳೆಯುತ್ತಿದೆ, ಬುಸ್ಸೆನ್ನುವ ಸದ್ದಿಗೆ ಕಿವಿಗೊಡಿ. ವೇಗ ಏರಿದಂತೆ ಪ್ಲಸ್ ಇನ್ನೂ ಏರಿದರೆ ಪೆಟ್ರೋಲ್ ಸಾಲುತ್ತಿಲ್ಲ, ಪಂಪು ಅಥವಾ ಫಿಲ್ಟರ್. ಮೈನಸ್ 15 ಇದ್ದರೆ ಎಲ್ಲಿಂದಲೋ ಲೆಕ್ಕವಿಲ್ಲದ ಪೆಟ್ರೋಲ್ ಬರುತ್ತಿದೆ. ಮೊದಲು ಹೇಳಿದ ಇದ್ದಿಲಿನ ಡಬ್ಬಿಯಿಂದ ಆವಿಯನ್ನು ಇಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ಮೊದಲು ನೋಡಿ: ತಣ್ಣನೆಯ ಇಂಜಿನ್ ಐಡಲ್ ಆಗುತ್ತಿರುವಾಗ ಡಬ್ಬಿಯ ಕಡೆಯ ಹೋಸ್ ಬಿಚ್ಚಿ, ವಾಲ್ವಿನ ಬಾಯಿಗೆ ಬೆರಳಿಟ್ಟರೆ ಸೆಳೆತ ಇರಬಾರದು. ಸೆಳೆದರೆ ವಾಲ್ವ್ ತೆರೆದೇ ಸಿಕ್ಕಿಬಿದ್ದಿದೆ. ಟ್ಯಾಂಕ್ ತುಂಬಿಸಿದ ಕೂಡಲೇ ಸ್ಟಾರ್ಟ್ ಆಗಲು ಸತಾಯಿಸುವ ಕಾರಿನಲ್ಲಿ ಇದೇ ದೋಷ ಇರುವುದು ಹೆಚ್ಚು. ಪೆಟ್ರೋಲ್ ಒತ್ತಡ ಅಳೆಯುವುದು, ಇಂಜೆಕ್ಟರ್ ಬಿಚ್ಚುವುದು ಗ್ಯಾರೇಜಿಗೆ ಬಿಡಿ. ಆ ಪೈಪಿನಲ್ಲಿ ಇಂಜಿನ್ ಆಫ್ ಆದರೂ ಒತ್ತಡ ಇರುತ್ತದೆ.

ಮೈಲೇಜ್ ಹೆಚ್ಚಿಸಲು ಏನೋ ಹಾಕಿಸಿದ ಮೇಲೆ

ಪೆಟ್ರೋಲ್ ಪೈಪಿಗೆ ಕಟ್ಟುವ ಅಯಸ್ಕಾಂತ, ಒಬಿಡಿ ಸಾಕೆಟ್ಟಿಗೆ ಚುಚ್ಚುವ “ಫ್ಯೂಯಲ್ ಸೇವರ್”, ಟ್ಯಾಂಕಿಗೆ ಹಾಕುವ ಮಾತ್ರೆ, ನೀರಿನಿಂದ ಹೈಡ್ರೋಜನ್ ಮಾಡುವ ಡಬ್ಬಿ: ಎಲ್ಲವನ್ನೂ ತೆಗೆದು ಹಾಕಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿತು. ಅಲ್ಪಸ್ವಲ್ಪ ಲಾಭ ಕೊಟ್ಟವು ಬೆರಳೆಣಿಕೆಯಷ್ಟು. ಕ್ಯಾಟಲಿಟಿಕ್ ಕನ್ವರ್ಟರ್ ಕೊರೆದು ಖಾಲಿ ಮಾಡುವುದು ಕಾನೂನುಬಾಹಿರ, ಅದರಿಂದ ಮೈಲೇಜೂ ಬರುವುದಿಲ್ಲ.

ನಿಜಕ್ಕೂ ಫಲ ಕೊಡುವ ಬದಲಾವಣೆ ಆಡಂಬರವಿಲ್ಲದವು. ಬಳಸದ ರೂಫ್ ಕ್ಯಾರಿಯರ್ ಬಿಚ್ಚಿಡಿ, ಹೈವೇಯಲ್ಲಿ ಅದು ಖಾಲಿಯಿದ್ದರೂ ಗಾಳಿಗೆ ಅಡ್ಡ ನಿಂತಿರುತ್ತದೆ. ಪುಸ್ತಕದಲ್ಲಿ 0ಡಬ್ಲ್ಯೂ-20 ಅಥವಾ 5ಡಬ್ಲ್ಯೂ-30 ಎಂದಿದ್ದರೆ ಅದೇ ಆಯಿಲ್ ಹಾಕಿಸಿ. ಅಂಗಡಿಯಲ್ಲಿ ಸಿಕ್ಕಿತೆಂದು ಸುರಿದ 20ಡಬ್ಲ್ಯೂ-50 ಆಯಿಲ್ ದಪ್ಪಗಿದ್ದು ಇಂಜಿನ್ನೇ ಅದನ್ನು ಕಡೆಯಬೇಕಾಗುತ್ತದೆ. ಮಟ್ಟ ಮ್ಯಾಕ್ಸಿಮಮ್ ಗೆರೆ ದಾಟಬಾರದು. ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡಬೇಡಿ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಸಿಯು ಇಂಜೆಕ್ಟರನ್ನೇ ಮುಚ್ಚುತ್ತದೆ, ಆಗ ಖರ್ಚು ಸೊನ್ನೆ. ನ್ಯೂಟ್ರಲ್‌ನಲ್ಲಿ ಐಡಲ್ ಪೆಟ್ರೋಲ್ ಉರಿಯುತ್ತದೆ, ಇಂಜಿನ್ನಿನ ಹಿಡಿತವೂ ಹೋಗುತ್ತದೆ, ಬ್ರೇಕ್ ಒಂದರ ಮೇಲೆಯೇ ಆಗುಂಬೆ ಇಳಿಯಬೇಕಾಗುತ್ತದೆ.

ಗ್ಯಾರೇಜಿಗೆ ಹೋಗುವಾಗ “ಮೈಲೇಜ್ ಬರ್ತಿಲ್ಲ, ನೋಡಿ” ಎನ್ನುವ ಬದಲು ಮೂರು ಟ್ಯಾಂಕಿನ ಲೆಕ್ಕ, ಯಾವ ಚಕ್ರ ಬಿಸಿ, ಕೂಲೆಂಟ್ ತಾಪಮಾನ, ಐಡಲ್ ಮತ್ತು 2500 ಆರ್‌ಪಿಎಂನ ಟ್ರಿಮ್, ಕೋಡ್ ಇದ್ದರೆ ಕೋಡ್ ಬರೆದ ಚೀಟಿ ಕೊಡಿ. ಬದಲಿಸಿದ ಹಳೆಯ ಭಾಗ ವಾಪಸ್ ಕೇಳಿ. ಒಂದು ಸಲಕ್ಕೆ ಒಂದೇ ರಿಪೇರಿ ಮಾಡಿಸಿ, ಯಾವುದರಿಂದ ಸರಿಹೋಯಿತೆಂದು ಆಗ ಗೊತ್ತಾಗುತ್ತದೆ. ಬ್ಯಾಟರಿ ಬಿಚ್ಚಿದ್ದರೆ ಅಥವಾ ಕೋಡ್ ಅಳಿಸಿದ್ದರೆ ಇಸಿಯು ತಾನು ಕಲಿತದ್ದನ್ನು ಮರೆತಿರುತ್ತದೆ. ಊರಿನೊಳಗೂ ಹೈವೇಯಲ್ಲೂ ಸೇರಿ ನೂರೈವತ್ತು ಕಿಲೋಮೀಟರ್ ಓಡಿದ ಮೇಲೆ ಅದೇ ಬಂಕಿಗೆ ಹೋಗಿ, ಮೊದಲ ಕಟ್‌ವರೆಗೆ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ.